ದೊರೆಗೆ ಬಂದದ್ದು ಮನಸ್ಸಿನ ಕಾಯಿಲೆಯೋ, ಮೈಯ ಕಾಯಿಲೆಯೋ?

ಪ್ರಶ್ನೆ: ಡಾಕ್ಟರೇ, ಹೋದ ವಾರ ಮನೆಯವರೆಲ್ಲ ಕೂತು ‘ದಿ ಮ್ಯಾಡ್‌ನೆಸ್ ಆಫ್ ಕಿಂಗ್ ಜಾರ್ಜ್’ ಸಿನಿಮಾ ನೋಡಿದೆವು. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಗೆ ಬುದ್ಧಿ ಕೆಡುತ್ತದೆ. ನಿದ್ದೆ ಇಲ್ಲದೆ ಮಾತಾಡುತ್ತಲೇ ಇರುತ್ತಾನೆ. ಒಬ್ಬ ವೈದ್ಯ ಅವನನ್ನು ಕುರ್ಚಿಗೆ ಕಟ್ಟಿ ದಾರಿಗೆ ತರುತ್ತಾನೆ. ದೊರೆಯ ಮೂತ್ರದ ಬಣ್ಣ ನೋಡಿದರೆ ಅವನಿಗಿದ್ದದ್ದು ಪೋರ್ಫೈರಿಯಾ ಎಂಬ ಮೈಯ ಕಾಯಿಲೆ ಇರಬೇಕು ಎಂದು ಕೊನೆಯಲ್ಲಿ ಪರದೆ ಮೇಲೆ ಬರುತ್ತದೆ. ನನ್ನ ಅಣ್ಣನಿಗೆ ಈಗ 34 ವರ್ಷ. ಎರಡು ವರ್ಷದ ಹಿಂದೆ ಅವರಿಗೂ ಹೀಗೇ ಆಗಿತ್ತು. ಹತ್ತು ದಿನ ನಿದ್ದೆ ಇಲ್ಲ, ಮಾತು ನಿಲ್ಲುತ್ತಿರಲಿಲ್ಲ, ಸಾಲ ಮಾಡಿ ಎರಡು ಬೈಕ್ ತಂದಿದ್ದರು. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಸಿಯುವ ಕಾಯಿಲೆ, ಅಂದರು. ಲಿಥಿಯಂ ಮಾತ್ರೆ ನಡೆಯುತ್ತಿದೆ, ಈಗ ಚೆನ್ನಾಗಿದ್ದಾರೆ. ಸಿನಿಮಾ ನೋಡಿದ ಮೇಲೆ ಅಮ್ಮ, ‘ನೋಡು, ನಮ್ಮ ಹುಡುಗನಿಗೂ ತಲೆಯದ್ದೇನೂ ಅಲ್ಲ, ರಕ್ತದ್ದೇ ಏನೋ ಇರಬೇಕು. ಮಾತ್ರೆ ನಿಲ್ಲಿಸಿ ಆ ಟೆಸ್ಟ್ ಮಾಡಿಸೋಣ’ ಅನ್ನುತ್ತಿದ್ದಾರೆ. ಮಾಡಿಸಬೇಕಾ? ಕಟ್ಟಿಹಾಕಿದರೆ ನಿಜಕ್ಕೂ ವಾಸಿಯಾಗುತ್ತಾ? ಅಣ್ಣನಿಗೆ ಈ ಸಿನಿಮಾ ತೋರಿಸಬಹುದಾ?

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಲಿಥಿಯಂ ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಟೆಸ್ಟ್ ವಿಷಯ ಕೊನೆಗೆ ಬರುತ್ತದೆ, ಆದರೆ ಮಾತ್ರೆ ವಿಷಯ ಇವತ್ತೇ ಅಮ್ಮನಿಗೆ ಹೇಳಿ.

ನಿಮ್ಮ ಪ್ರಶ್ನೆ ಓದಿ ನನಗೆ ಆಶ್ಚರ್ಯ ಆಗಲಿಲ್ಲ. ನನ್ನ ಓಪಿಡಿಗೆ ಬರುವ ತಾಯಂದಿರಲ್ಲಿ ಎಷ್ಟೋ ಜನ ಒಂದು ದಪ್ಪ ಫೈಲ್ ಹಿಡಿದೇ ಬರುತ್ತಾರೆ. ಥೈರಾಯ್ಡ್, ವಿಟಮಿನ್, ತಲೆಯ ಸ್ಕ್ಯಾನ್, ಎಲ್ಲ ಮಾಡಿಸಿರುತ್ತಾರೆ, ಎಲ್ಲ ನಾರ್ಮಲ್ ಇರುತ್ತದೆ. ಒಬ್ಬ ತಾಯಿ ಆ ಫೈಲನ್ನು ನನ್ನ ಮೇಜಿನ ಮೇಲಿಟ್ಟು, ‘ಏನಾದ್ರೂ ಒಂದು ಸಿಕ್ಕಿದ್ರೆ ಸಾಕಿತ್ತು ಸಾರ್’ ಅಂದಿದ್ದರು. ಮಗನಿಗೆ ಕಾಯಿಲೆ ಸಿಗಲಿ ಎಂದು ಯಾವ ತಾಯಿಯೂ ಹಾರೈಸುವುದಿಲ್ಲ. ಆದರೆ ರಕ್ತದಲ್ಲಿ ಏನಾದರೂ ಸಿಕ್ಕರೆ ನೆಂಟರ ಮುಂದೆ ಹೇಳಿಕೊಳ್ಳಬಹುದು. ‘ತಲೆಯದ್ದು’ ಅಂದರೆ ಹೆಣ್ಣು ಕೊಡುವವರೂ ಹಿಂದೆ ಸರಿಯುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆ ಸಿನಿಮಾದ ಕೊನೆಯ ಸಾಲು ನಿಮ್ಮ ಅಮ್ಮನಿಗೆ ಅಷ್ಟು ಹಿತವಾಗಿದ್ದೂ ಅದಕ್ಕೇ. ಆದರೆ ಆ ಸಾಲು ಇವತ್ತು ನಿಲ್ಲುವಂಥದ್ದಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಮೂರನೇ ಜಾರ್ಜ್ ಹುಟ್ಟಿದ್ದು 1738ರಲ್ಲಿ. 1760ರಲ್ಲಿ ಪಟ್ಟಕ್ಕೆ ಬಂದ. ಮರುವರ್ಷ ಷಾರ್ಲಟ್ ಜೊತೆ ಮದುವೆಯಾಯಿತು, ಹದಿನೈದು ಮಕ್ಕಳಾದರು. ಆ ಕಾಲದ ರಾಜರಂತೆ ಉಪಪತ್ನಿಯರನ್ನು ಇಟ್ಟುಕೊಂಡವನಲ್ಲ. ಬೆಳಗ್ಗೆ ಬೇಗ ಏಳುವುದು, ಮಿತವಾಗಿ ಉಣ್ಣುವುದು, ಹೊಲ ಗದ್ದೆ ಸುತ್ತುವುದು ಅವನ ಅಭ್ಯಾಸ. ಜನ ಅವನನ್ನು ‘ರೈತ ಜಾರ್ಜ್’ ಎಂದೇ ಕರೆಯುತ್ತಿದ್ದರು. ಇಷ್ಟು ಕಟ್ಟುನಿಟ್ಟಿನ ಮನುಷ್ಯ 1788ರ ಬೇಸಿಗೆಯಲ್ಲಿ ಹೊಟ್ಟೆ ನೋವು ಅಂದ. ಚೆಲ್ಟನ್‌ಹ್ಯಾಮ್ ಎಂಬ ಊರಿಗೆ ಹೋಗಿ ಅಲ್ಲಿನ ಬುಗ್ಗೆಯ ನೀರು ಕುಡಿದು ಬಂದ. ಅಕ್ಟೋಬರ್‌ನಲ್ಲಿ ನೋವು ಮತ್ತೆ ಬಂತು. ಅದರ ಹಿಂದೆಯೇ ಮಾತು ಶುರುವಾಯಿತು. ಗಂಟಲು ಕಟ್ಟಿ ಹೋದರೂ ಮಾತು ನಿಲ್ಲಲಿಲ್ಲ. ರಾತ್ರಿ ನಿದ್ದೆ ಇಲ್ಲ. ನವೆಂಬರ್ 5ರಂದು ವಿಂಡ್ಸರ್ ಅರಮನೆಯಲ್ಲಿ ಊಟಕ್ಕೆ ಕೂತಾಗ ಹಿರಿಯ ಮಗನ ಮೇಲೆಯೇ ಕೈ ಮಾಡಿದ ಎಂದು ಹೇಳುತ್ತಾರೆ. ಲಂಡನ್ ನೀರಲ್ಲಿ ಮುಳುಗಿದೆ ಅಂದ. ರಾಣಿಯನ್ನು ಬಿಟ್ಟು, ಯೌವನದಲ್ಲಿ ಮೆಚ್ಚಿದ್ದ ಲೇಡಿ ಪೆಂಬ್ರೋಕ್ ಎಂಬ ಹೆಂಗಸಿನ ಬಗ್ಗೆ ಎಲ್ಲರ ಮುಂದೆ ಮಾತಾಡತೊಡಗಿದ.

ಸಿನಿಮಾದಲ್ಲಿ ಇದನ್ನೆಲ್ಲ ನೀವು ನೋಡಿದ್ದೀರಿ. ನೈಜೆಲ್ ಹಾಥಾರ್ನ್ ಆ ಪಾತ್ರ ಮಾಡಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ರಂಗದ ಮೇಲೆ ಅದೇ ಪಾತ್ರ ಮಾಡಿದವರು ಅವರು. ಅಲನ್ ಬೆನೆಟ್ ಬರೆದ ನಾಟಕ 1991ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಬಂತು. ಅದನ್ನೇ ನಿಕೋಲಸ್ ಹೈಟ್ನರ್ 1994ರಲ್ಲಿ ಸಿನಿಮಾ ಮಾಡಿದರು. ಮೇನಿಯಾ, ಅಂದರೆ ಬೈಪೋಲಾರ್‌ನಲ್ಲಿ ಮನಸ್ಸು ಮಿತಿಮೀರಿ ಉಕ್ಕುವ ಹಂತ, ಹೇಗಿರುತ್ತದೆ ಎಂದು ಕಿರಿಯ ಡಾಕ್ಟರರಿಗೆ ಹೇಳಿಕೊಡುವಾಗ ನಾನು ಹಾಥಾರ್ನ್ ಅವರ ಆ ಮೊದಲ ಮುಕ್ಕಾಲು ಗಂಟೆ ನೋಡಿ ಅನ್ನುತ್ತೇನೆ. ಒಂದು ಮಾತು ಮುಗಿಯುವ ಮುಂಚೆ ಇನ್ನೊಂದು ನುಗ್ಗುತ್ತದೆ. ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ನಸುಕಿನಲ್ಲಿ ಎದ್ದು ರಾತ್ರಿ ಅಂಗಿಯಲ್ಲೇ ಹೊರಗೆ ಓಡುತ್ತಾನೆ, ಹಿಂದೆ ಸೇವಕರು ಓಡುತ್ತಾರೆ. ಅಷ್ಟಾದರೂ ಅವನು ದಡ್ಡನಲ್ಲ. ಬುದ್ಧಿ ಮಂಕಾಗಿಲ್ಲ, ಕತ್ತಿಯಂತೆ ಹರಿತವಾಗಿದೆ. ಇದೇ ಮೇನಿಯಾದ ಗುಣ.

ಆ ಹರಿತಕ್ಕೆ ಒಂದು ನಿಜವಾದ ಪ್ರಸಂಗ ಇದೆ. ದೊರೆಯ ಜೊತೆಗಿದ್ದ ರಾಬರ್ಟ್ ಗ್ರೆವಿಲ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಡಿಸೆಂಬರ್ 5ರಂದು ಫ್ರಾನ್ಸಿಸ್ ವಿಲಿಸ್ ಎಂಬ ವೈದ್ಯ ಬಂದ. ವಯಸ್ಸು ಎಪ್ಪತ್ತು. ಮೊದಲು ಪಾದ್ರಿಯಾಗಿದ್ದವನು, ಆಮೇಲೆ ಲಿಂಕನ್‌ಷೈರ್‌ನ ಗ್ರೇಟ್‌ಫರ್ಡ್‌ನಲ್ಲಿ ಮನೋರೋಗಿಗಳ ಮನೆ ನಡೆಸುತ್ತಿದ್ದ. ದೊರೆ ಅವನನ್ನು ನೋಡಿ, ನಾನು ಪ್ರೀತಿಸುವ ವೃತ್ತಿ ಬಿಟ್ಟು ನಾನು ದ್ವೇಷಿಸುವ ವೃತ್ತಿ ಹಿಡಿದಿದ್ದೀರಿ ಅಂದ. ಯೇಸುವೂ ಊರೂರು ಅಲೆದು ರೋಗಿಗಳನ್ನು ಗುಣಪಡಿಸಿದನಲ್ಲ ಅಂದ ವಿಲಿಸ್. ದೊರೆ ತಟ್ಟನೆ, ಹೌದು, ಆದರೆ ಅವನಿಗೆ ಅದಕ್ಕೆ ವರ್ಷಕ್ಕೆ 700 ಪೌಂಡ್ ಸಿಗುತ್ತಿರಲಿಲ್ಲ ಅಂದ. ಕಾಯಿಲೆ ಜೋರಾಗಿದ್ದ ದಿನಗಳ ಮಾತು ಇದು! ಮೇನಿಯಾದಲ್ಲಿರುವವರ ಮನೆಯವರು ಇದನ್ನು ನೋಡಿಯೇ ಮೋಸ ಹೋಗುತ್ತಾರೆ. ‘ಇಷ್ಟು ಚೆನ್ನಾಗಿ ಮಾತಾಡ್ತಾನಲ್ಲ, ಇವನಿಗೆಲ್ಲಿ ಕಾಯಿಲೆ?’ ಅನ್ನುತ್ತಾರೆ. ನಿಮ್ಮ ಅಣ್ಣ ಬೈಕ್ ಶೋರೂಮಿನಲ್ಲಿ ಅಷ್ಟು ಚೆನ್ನಾಗಿ ಮಾತಾಡಿರದಿದ್ದರೆ ಸಾಲವೇ ಸಿಗುತ್ತಿರಲಿಲ್ಲ ಅಲ್ವಾ?

ಇನ್ನು ಪೋರ್ಫೈರಿಯಾ. ಈ ಮಾತು ಎಲ್ಲಿಂದ ಬಂತು? 1966ರಲ್ಲಿ ಐಡಾ ಮೆಕಾಲ್ಪೈನ್ ಮತ್ತು ರಿಚರ್ಡ್ ಹಂಟರ್ ಎಂಬ ತಾಯಿ, ಮಗ ಇಬ್ಬರೂ ಮನೋವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದರು. ದೊರೆಗೆ ಇದ್ದದ್ದು ಹುಚ್ಚಲ್ಲ, ಪೋರ್ಫೈರಿಯಾ ಎಂಬ ವಂಶದಲ್ಲಿ ಬರುವ ಮೈಯ ಕಾಯಿಲೆ ಅಂದರು. ಹಳೆಯ ವೈದ್ಯರ ಟಿಪ್ಪಣಿಗಳನ್ನೆಲ್ಲ ಜಾಲಾಡಿ ಹೊಟ್ಟೆ ನೋವು, ಕೈಕಾಲು ಸೋಲು, ನಾಡಿಯ ಓಟ, ಬಣ್ಣಗೆಟ್ಟ ಮೂತ್ರ ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಿದರು. ಮಾತು ಜನಕ್ಕೆ ಹಿಡಿಸಿತು. ಪಠ್ಯಪುಸ್ತಕಕ್ಕೂ ಬಂತು. ನಾನು ಓದುವಾಗ ನಮಗೂ ಮೇಷ್ಟ್ರು ಹೀಗೇ ಹೇಳಿದ್ದರು. ಸಿನಿಮಾ ಮಾಡುವಾಗ ಅದೇ ಒಪ್ಪಿತವಾಗಿದ್ದ ವಿಷಯ. ಹಾಗಾಗಿ ಸಿನಿಮಾದವರನ್ನು ನಾನು ದೂರುವುದಿಲ್ಲ.

ಪೋರ್ಫೈರಿಯಾ ಏನು ಅಂತ ಸರಳವಾಗಿ ಹೇಳುತ್ತೇನೆ. ನಮ್ಮ ರಕ್ತ ಕೆಂಪಾಗಿರುವುದು ಹೀಮ್ ಎಂಬ ವಸ್ತುವಿನಿಂದ. ದೇಹ ಅದನ್ನು ಹಂತ ಹಂತವಾಗಿ ತಯಾರಿಸುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ ಬೇಕು. ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆ ಇದ್ದರೆ, ಕಾಲುವೆಗೆ ಅಡ್ಡ ಕಲ್ಲು ಬಿದ್ದಾಗ ಹಿಂದೆ ನೀರು ತುಂಬುವ ಹಾಗೆ, ಅರ್ಧ ತಯಾರಾದ ವಸ್ತುಗಳು ಹಿಂದೆ ತುಂಬಿಕೊಳ್ಳುತ್ತವೆ. ಅದು ನರಗಳನ್ನು ಕಾಡುತ್ತದೆ. ಭಯಂಕರ ಹೊಟ್ಟೆ ನೋವು, ವಾಂತಿ, ಮಲಬದ್ಧತೆ, ಎದೆ ಬಡಿತ, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಕೆಲವರಿಗೆ ಗೊಂದಲ, ಭ್ರಮೆ, ಫಿಟ್ಸ್. ಉಪವಾಸ, ಮದ್ಯ, ಕೆಲವು ಮಾತ್ರೆಗಳು ಇದನ್ನು ಕೆರಳಿಸುತ್ತವೆ. ಮೂತ್ರವನ್ನು ಬೆಳಕಿನಲ್ಲಿ ಇಟ್ಟರೆ ಹೊತ್ತು ಹೋದಂತೆ ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ.

ಕೆಂಪು ಕಂದು ಅಂದೆ. ಸಿನಿಮಾದಲ್ಲಿ ಸೇವಕ ಎತ್ತಿ ತೋರಿಸುವ ಗಾಜಿನ ಪಾತ್ರೆಯಲ್ಲಿ ಇರುವುದು ನೀಲಿ. ಆ ದೃಶ್ಯ ನಿಮಗೆ ನೆನಪಿರಬೇಕು. ಸೇವಕ ತೋರಿಸುತ್ತಾನೆ, ದೊಡ್ಡ ದೊಡ್ಡ ವೈದ್ಯರು ತಲೆ ಕೆಡಿಸಿಕೊಳ್ಳುವುದಿಲ್ಲ. ನಾವು ಕೂತಲ್ಲೇ, ‘ಅಯ್ಯೋ ನೋಡ್ರಪ್ಪಾ ಅದನ್ನ’ ಅಂದುಕೊಳ್ಳುತ್ತೇವೆ. ಸಿನಿಮಾ ಮಟ್ಟಿಗೆ ಅದ್ಭುತವಾದ ದೃಶ್ಯ. ಆದರೆ 2010ರಲ್ಲಿ ಟಿಮತಿ ಪೀಟರ್ಸ್ ಮತ್ತು ಅವರ ಸಹೋದ್ಯೋಗಿ ಹಳೆಯ ಟಿಪ್ಪಣಿಗಳನ್ನು ಮತ್ತೆ ಮೊದಲಿನಿಂದ ಓದಿದರು. ಪೀಟರ್ಸ್ ಪೋರ್ಫೈರಿಯಾವನ್ನೇ ಚೆನ್ನಾಗಿ ತಿಳಿದ ವೈದ್ಯರು. ಅವರು ಕಂಡದ್ದು ಬೇರೆ. ದೊರೆಯ ಮೂತ್ರದ ಬಣ್ಣ ಹೆಚ್ಚಿನ ಕಡೆ ಸಹಜವಾಗಿಯೇ ಇತ್ತು ಎಂದು ಬರೆದಿದೆ. ನೀಲಿ ಎಂದು ಬರೆದದ್ದು 1811ರ ಸುಮಾರಿಗೆ. ಆಗ ಅವನಿಗೆ ಜೆಂಶಿಯನ್ ಎಂಬ ಗಿಡದ ಕಷಾಯ ಕೊಡುತ್ತಿದ್ದರು. ಗಾಢ ನೀಲಿ ಹೂ ಬಿಡುವ ಗಿಡ ಅದು. ಬಣ್ಣ ಅದರಿಂದ ಬಂದಿರಬಹುದು ಎಂದರು. ಹಿಂದಿನವರು ತಮ್ಮ ವಾದಕ್ಕೆ ಒಪ್ಪುವ ಸಾಲುಗಳನ್ನು ಆರಿಸಿಕೊಂಡು, ಒಪ್ಪದವುಗಳನ್ನು ಬಿಟ್ಟಿದ್ದಾರೆ ಎಂಬುದು ಅವರ ತೀರ್ಮಾನ. ಪೋರ್ಫೈರಿಯಾ ಎಂಬ ಹೆಸರು ಅಲ್ಲಿಗೆ ಸಡಿಲಾಯಿತು.

ನಡುವೆ ಇನ್ನೊಂದು ಆಯಿತು. ಲಂಡನ್ನಿನ ಸಂಗ್ರಹವೊಂದರಲ್ಲಿ ದೊರೆಯ ಕೂದಲಿನ ಒಂದು ಎಳೆಗಂಟು ಇತ್ತು. 2005ರಲ್ಲಿ ಅದನ್ನು ಪರೀಕ್ಷೆ ಮಾಡಿದಾಗ ಆರ್ಸೆನಿಕ್, ಅಂದರೆ ಪಾಷಾಣ, ಸಿಕ್ಕಾಪಟ್ಟೆ ಇತ್ತು. ವಿಷ ಹಾಕಿದವರು ಯಾರು ಅಂತ ಹುಡುಕಬೇಕಾಗಿರಲಿಲ್ಲ. ವೈದ್ಯರೇ ವಾಂತಿ ಮಾಡಿಸಲು ಆಂಟಿಮನಿ ಔಷಧಿ ಕುಡಿಸುತ್ತಿದ್ದರು. ಆ ಕಾಲದ ಆಂಟಿಮನಿಯಲ್ಲಿ ಆರ್ಸೆನಿಕ್ ಬೆರೆತಿರುತ್ತಿತ್ತು. ಅವನು ಕುಡಿಯಲು ಒಪ್ಪದಿದ್ದರೆ ಊಟದಲ್ಲಿ ಬೆರೆಸಿ ಕೊಡುತ್ತಿದ್ದರು. ಕಾಲಿಗೆ ಸಾಸಿವೆ ಪಟ್ಟು, ಒಂದು ಜಾತಿಯ ಹುಳದ ಪುಡಿ ಹಚ್ಚಿ ಬೊಬ್ಬೆ ಎಬ್ಬಿಸುತ್ತಿದ್ದರು. ಬೊಬ್ಬೆ ಒಡೆದು ಕೀವು ಸುರಿದರೆ ತಲೆಯ ಕೆಟ್ಟ ರಸ ಕೆಳಗಿಳಿದು ಹೋಗುತ್ತದೆ ಎಂಬ ನಂಬಿಕೆ. ಚಳಿಗಾಲದಲ್ಲಿ ಅವನನ್ನು ಇಟ್ಟದ್ದು ಕ್ಯೂ ಎಂಬಲ್ಲಿನ ಬೇಸಿಗೆ ಮನೆಯಲ್ಲಿ. ಚಳಿ ತಡೆಯುವ ಏರ್ಪಾಡು ಅಲ್ಲಿರಲಿಲ್ಲ. ಮೊದಮೊದಲು ಹೆಂಡತಿ ಮಕ್ಕಳನ್ನು ನೋಡಲು ಬಿಡಲಿಲ್ಲ. ಈ ಸ್ಥಿತಿಯಲ್ಲಿ ಯಾರಾದರೂ ಕೂಗಾಡಿದರೆ ಅದನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರೆಯಲಾಗದು.

ಹಾಗಾದರೆ ಅವನಿಗೆ ಏನಾಗಿತ್ತು? ಇನ್ನೂರು ವರ್ಷದ ಹಿಂದೆ ತೀರಿಕೊಂಡವನಿಗೆ ನಾನು ಸರ್ಟಿಫಿಕೇಟ್ ಬರೆಯುವ ಹಾಗಿಲ್ಲ. ಆದರೆ ಒಂದು ಸಾಕ್ಷಿ ನನ್ನನ್ನು ತುಂಬಾ ಕಾಡಿದೆ, ಅದು ದೊರೆಯ ಕಾಗದಗಳು. ಅವನು ಬದುಕಿದ್ದಷ್ಟು ದಿನ ಸಾವಿರಾರು ಕಾಗದ ಬರೆದ. ಲಂಡನ್ನಿನ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದ ಸಂಶೋಧಕರು ಅವನು ಚೆನ್ನಾಗಿದ್ದಾಗ ಬರೆದವನ್ನೂ ಕಾಯಿಲೆಯಲ್ಲಿ ಬರೆದವನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಕಾಯಿಲೆಯ ದಿನಗಳಲ್ಲಿ ವಾಕ್ಯ ಉದ್ದುದ್ದ ಆಗುತ್ತದೆ. 400 ಪದ, ಎಂಟು ಕ್ರಿಯಾಪದ, ಎಲ್ಲ ಒಂದೇ ವಾಕ್ಯದಲ್ಲಿ. ಅದೇ ಅದೇ ಪದ ಮತ್ತೆ ಮತ್ತೆ ಬರುತ್ತದೆ. ಮೇನಿಯಾದಲ್ಲಿರುವವರು ನನಗೆ ವಾಟ್ಸಾಪ್‌ನಲ್ಲಿ ಕಳಿಸುವ ಸಂದೇಶಗಳು ಹೀಗೇ ಇರುತ್ತವೆ. ಬೆಳಗಿನ ಜಾವ ಮೂರಕ್ಕೆ ಒಂದು, ಮೂರೂವರೆಗೆ ಒಂದು, ಪೂರ್ಣವಿರಾಮವೇ ಇಲ್ಲ. ಪೋರ್ಫೈರಿಯಾದ ಗೊಂದಲ ಹೀಗಿರುವುದಿಲ್ಲ. ಅದು ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇರುತ್ತದೆ. ತಿಂಗಳುಗಟ್ಟಲೆ ಉಕ್ಕುವ ಉತ್ಸಾಹ, ನಡುವೆ ವರ್ಷಗಟ್ಟಲೆ ಪೂರ್ತಿ ಚೆನ್ನಾಗಿರುವುದು, ಮತ್ತೆ ಮರುಕಳಿಸುವುದು, ಇದು ಬೈಪೋಲಾರ್‌ನ ಚಾಳಿ. ದೊರೆಗೆ 1788ರಲ್ಲಿ ಬಂತು, 1801ರಲ್ಲಿ ಬಂತು, 1804ರಲ್ಲಿ ಬಂತು, 1810ರಲ್ಲಿ ಬಂದದ್ದು ಹೋಗಲಿಲ್ಲ. ಈಗ ಈ ದಾಖಲೆ ಓದಿದ ಹೆಚ್ಚಿನವರು ಇದೇ ಕಡೆ ವಾಲುತ್ತಾರೆ. ನಾನೂ ಅಷ್ಟೇ.

ನಿಮ್ಮ ಅಮ್ಮನಿಗೆ ಇದನ್ನು ಹೇಳಿ. ದೊರೆಯ ಕಾಯಿಲೆಗೆ ‘ಮೈಯದ್ದು’ ಎಂಬ ಹೆಸರು ಕೊಟ್ಟು ಅವನ ಮಾನ ಉಳಿಸಬೇಕಾದ ಅಗತ್ಯ ಯಾವತ್ತೂ ಇರಲಿಲ್ಲ. ಬೈಪೋಲಾರ್ ಇದ್ದೂ ಅವನು ಸುಮಾರು ಅರವತ್ತು ವರ್ಷ ದೊರೆಯಾಗಿದ್ದ. ನಿಮ್ಮ ಅಣ್ಣ ಬೈಪೋಲಾರ್ ಇದ್ದೂ ಇವತ್ತು ಕೆಲಸಕ್ಕೆ ಹೋಗಿ ಬರುತ್ತಿರಬಹುದು. ಮಿದುಳೂ ಮೈಯೇ. ಅದಕ್ಕೂ ಕಾಯಿಲೆ ಬರುತ್ತದೆ, ಅದಕ್ಕೂ ಮಾತ್ರೆ ಇದೆ.

ಇನ್ನು ಕುರ್ಚಿ. ಅದೇ ನಿಮ್ಮ ಎರಡನೇ ಪ್ರಶ್ನೆ, ನನಗೆ ಇಡೀ ಸಿನಿಮಾದಲ್ಲಿ ಉಸಿರು ಕಟ್ಟಿದ್ದೂ ಅಲ್ಲೇ. ದೊರೆಯನ್ನು ಎತ್ತಿ ತಂದು ಮರದ ಕುರ್ಚಿಯಲ್ಲಿ ಕೂರಿಸುತ್ತಾರೆ. ಮುಂಗೈಗೆ ಪಟ್ಟಿ, ಎದೆಗೆ ಪಟ್ಟಿ, ಹಣೆಗೆ ಪಟ್ಟಿ. ಬಾಯಿಗೆ ಬಟ್ಟೆ. ನಾನು ಇಂಗ್ಲೆಂಡಿನ ದೊರೆ ಎಂದು ಅವನು ಕೂಗುತ್ತಾನೆ. ಇಲ್ಲ, ನೀವು ರೋಗಿ ಅನ್ನುತ್ತಾನೆ ವಿಲಿಸ್. ಹಿನ್ನೆಲೆಯಲ್ಲಿ ಹ್ಯಾಂಡೆಲ್ ಸಂಗೀತ ಏರುತ್ತದೆ. ಅದು ಇಂಗ್ಲೆಂಡಿನಲ್ಲಿ ಪಟ್ಟಾಭಿಷೇಕಕ್ಕೆಂದೇ ಹಾಡುವ ಹಾಡು. ಕುರ್ಚಿಯ ಮಾತು ಕಲ್ಪನೆಯಲ್ಲ. ದೊರೆ ಅದನ್ನು ತನ್ನ ಪಟ್ಟಾಭಿಷೇಕದ ಕುರ್ಚಿ ಎಂದು ಕರೆಯುತ್ತಿದ್ದ. ತೋಳು ಉದ್ದ ಇಟ್ಟು ಹೊಲಿದು, ಕೈಗಳನ್ನು ಮೈಗೆ ಸುತ್ತಿ ಕಟ್ಟುವ ಅಂಗಿಯನ್ನೂ ತೊಡಿಸುತ್ತಿದ್ದರು.

ಕಟ್ಟಿಹಾಕಿದ್ದರಿಂದ ವಾಸಿಯಾಯಿತಾ? ಇಲ್ಲ. ಔಷಧಿ ಇಲ್ಲದಿದ್ದರೂ ಮೇನಿಯಾ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ದೊರೆಗೆ ಅಕ್ಟೋಬರ್‌ನಲ್ಲಿ ಶುರುವಾದದ್ದು ಫೆಬ್ರವರಿ ಕೊನೆಗೆ ಇಳಿಯಿತು, ಅಂದರೆ ಸುಮಾರು ನಾಲ್ಕು ತಿಂಗಳು. ಇಳಿಯುವ ಹೊತ್ತಿಗೆ ವಿಲಿಸ್ ಪಕ್ಕದಲ್ಲಿದ್ದ, ಕೀರ್ತಿ ಅವನಿಗೆ ಬಂತು. ವರ್ಷಕ್ಕೆ ಸಾವಿರ ಪೌಂಡ್ ಪಿಂಚಣಿಯೂ ಬಂತು. ಇದನ್ನು ಪರೀಕ್ಷೆ ಮಾಡಿದ ಹಾಗೆ ಇನ್ನೊಂದು ಘಟನೆ ಇದೆ. ಪೋರ್ಚುಗಲ್ ರಾಣಿ ಒಂದನೇ ಮರಿಯಾಗೂ ಬುದ್ಧಿ ಕೆಟ್ಟಿತು. 1792ರಲ್ಲಿ ಇದೇ ವಿಲಿಸನನ್ನು ಲಿಸ್ಬನ್‌ಗೆ ಕರೆಸಿದರು. ಅದೇ ವೈದ್ಯ, ಅದೇ ಚಿಕಿತ್ಸೆ. ರಾಣಿ ಗುಣವಾಗಲಿಲ್ಲ. 1816ರಲ್ಲಿ ರಿಯೊ ಡಿ ಜನೈರೊದಲ್ಲಿ ತೀರಿಕೊಳ್ಳುವವರೆಗೂ ಗುಣವಾಗಲಿಲ್ಲ.

ಆದರೂ ವಿಲಿಸನನ್ನು ಬರೀ ಕಟುಕ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಉಳಿದ ವೈದ್ಯರೆಲ್ಲ ದೊರೆ ಇನ್ನು ಸರಿಯಾಗುವುದಿಲ್ಲ ಎಂದುಕೊಂಡಾಗ, ಸರಿಯಾಗುತ್ತಾನೆ ಎಂದು ಗಟ್ಟಿಯಾಗಿ ಹೇಳಿದವನು ಅವನು. ತನ್ನ ಊರಿನಲ್ಲಿ ರೋಗಿಗಳಿಗೆ ಒಳ್ಳೆಯ ಬಟ್ಟೆ ಕೊಟ್ಟು ಹೊಲದಲ್ಲಿ ಕೆಲಸಕ್ಕೆ ಹಚ್ಚುತ್ತಿದ್ದ. ದೊರೆಗೂ ತೋಟದಲ್ಲಿ ನಡೆಯಲು ಬಿಟ್ಟ. ರಾಣಿಯನ್ನು ನೋಡಲು ಬಿಟ್ಟ. ವಾಸಿಯಾಗುತ್ತೀರಿ ಎಂದು ನಂಬಿ ಹೇಳುವ ಒಬ್ಬ ಮನುಷ್ಯ ಪಕ್ಕದಲ್ಲಿರುವುದು ರೋಗಿಗೆ ಎಷ್ಟು ದೊಡ್ಡದು ಅಂತ ದಿನಾ ನೋಡುತ್ತೇನೆ. ಅವನು ಮಾಡಿದ್ದರಲ್ಲಿ ಉಳಿಸಿಕೊಳ್ಳಬೇಕಾದದ್ದು ಅಷ್ಟು. ಕುರ್ಚಿಯನ್ನು ಅಲ್ಲೇ ಬಿಡಬೇಕು.

ಬಿಟ್ಟಿದ್ದೇವಾ? ನಮ್ಮ ಪಕ್ಕದ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಮನೋರೋಗಿಗಳನ್ನು ಇಟ್ಟಿದ್ದ ಒಂದು ಗುಡಿಸಲು ಅದು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗಲಿಲ್ಲ. 28 ಜನ ಸುಟ್ಟು ಹೋದರು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ಭಾರವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಮಾಡಬಾರದು ಎಂದು ನಿಷೇಧಿಸಿದೆ. ಆಸ್ಪತ್ರೆಯಲ್ಲಿ ತಡೆದು ಹಿಡಿಯಬೇಕಾಗಿ ಬಂದರೂ, ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾತ್ರ. ಯಾಕೆ ಅಂತ ಬರೆದಿಡಬೇಕು. ಶಿಕ್ಷೆಗಾಗಿ, ಅಥವಾ ನೋಡಿಕೊಳ್ಳಲು ಜನ ಇಲ್ಲ ಎಂಬ ಕಾರಣಕ್ಕೆ ಕಟ್ಟುವ ಹಾಗಿಲ್ಲ. ನಿಮ್ಮ ಅಣ್ಣನಿಗೆ ಮತ್ತೆ ಜೋರಾದರೆ ಮನೆಯಲ್ಲಿ ಹಗ್ಗ ಹುಡುಕಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ.

ಸಿನಿಮಾದ ರಾಜಕೀಯದ ಭಾಗ ನಿಜಕ್ಕೆ ಹತ್ತಿರವಾಗಿಯೇ ಇದೆ. ಹಿರಿಯ ಮಗ ರೀಜೆಂಟ್ ಆಗಿ ಅಪ್ಪನ ಬದಲು ಆಳಲು ಕಾದಿದ್ದ, ವಿರೋಧ ಪಕ್ಷದ ನಾಯಕ ಫಾಕ್ಸ್ ಅವನ ಕಡೆ, ಪ್ರಧಾನಿ ಪಿಟ್ ದೊರೆಯ ಕಡೆ. ಕೊನೆಗೆ ದೊರೆ ಗಾಡಿ ಏರಿ ಪಾರ್ಲಿಮೆಂಟಿಗೆ ಧಾವಿಸುವ ದೃಶ್ಯ ಮಾತ್ರ ಸಿನಿಮಾದವರದ್ದು. ಅವನು ಹೋಗಿರಲಿಲ್ಲ. ದೊರೆ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಮೇಲ್ಮನೆಗೆ ತಿಳಿಸಿದರು, ಮಗನನ್ನು ರೀಜೆಂಟ್ ಮಾಡುವ ಮಸೂದೆ ಅಲ್ಲೇ ನಿಂತಿತು. ಓಕ್ ಮರವನ್ನು ಪ್ರಷ್ಯದ ದೊರೆ ಎಂದು ತಿಳಿದು ಕೈ ಕುಲುಕಿದ ಎಂಬ ಕಥೆಯನ್ನು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಅದಕ್ಕೆ ನಂಬುವಂಥ ಆಧಾರ ಇಲ್ಲ. ಮನಸ್ಸಿನ ಕಾಯಿಲೆ ಬಂದವರ ಬಗ್ಗೆ ಊರು ಸುಮ್ನೆ ಕಟ್ಟುವ ಕಥೆಗಳು ಆಗಲೂ ಇದ್ದವು.

ಅವನು ಸಿನಿಮಾದಲ್ಲಿ ಕಳೆದುಕೊಂಡ ಅಮೆರಿಕದ ಬಗ್ಗೆ ಕೊರಗುತ್ತಾನಲ್ಲ, ಅದಕ್ಕೂ ನಮಗೂ ಒಂದು ನಂಟಿದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸ್ ಮುಂದೆ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದವನು ಅವನೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನದ ಮೇಲಿದ್ದ, ರತ್ನ ಕೂರಿಸಿದ ಚಿನ್ನದ ಹುಮಾ ಹಕ್ಕಿಯನ್ನು ಇದೇ ಮೂರನೇ ಜಾರ್ಜ್‌ಗೆ ಕಳಿಸಿದರು. ಈಗಲೂ ಅದು ಇಂಗ್ಲೆಂಡಿನ ರಾಜಮನೆತನದ ಬಳಿಯೇ ಇದೆ.

ಸಿನಿಮಾ 1789ಕ್ಕೆ ಮುಗಿಯುತ್ತದೆ. ಆ ಏಪ್ರಿಲ್ 23ರಂದು ಸೇಂಟ್ ಪಾಲ್ಸ್ ಚರ್ಚಿನಲ್ಲಿ ಕೃತಜ್ಞತೆಯ ಪ್ರಾರ್ಥನೆ ನಡೆಯಿತು. ಆಮೇಲೆ ಸುಮಾರು ಹನ್ನೆರಡು ವರ್ಷ ಅವನು ಚೆನ್ನಾಗಿದ್ದ, ರಾಜ್ಯ ನೋಡಿಕೊಂಡ. 1801ರಲ್ಲಿ ಮತ್ತೆ ಬಂದಾಗ ವಿಲಿಸನ ಮಕ್ಕಳು ಅವನನ್ನು ಕೂಡಿಹಾಕಿದರು. ಹೆಂಡತಿ ಮಕ್ಕಳ ಹತ್ತಿರ ಬಿಡದಿದ್ದರೆ ಒಂದು ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದು ಅವನು ಹಟ ಹಿಡಿದ, ಬಿಡಿಸಿಕೊಂಡ! ಆ ಹಟ ನನಗೆ ಇಷ್ಟ. 1810ರಲ್ಲಿ ಮುದ್ದಿನ ಕಿರಿಮಗಳು ಅಮೆಲಿಯಾ ಕ್ಷಯದಿಂದ ತೀರಿಕೊಂಡಳು. ಅದೇ ಹೊತ್ತಿಗೆ ಬಂದ ಕಾಯಿಲೆಯಿಂದ ಅವನು ಹೊರಗೆ ಬರಲಿಲ್ಲ. ಮರುವರ್ಷ ಮಗ ರೀಜೆಂಟ್ ಆದ. ದೊರೆಯ ಕಣ್ಣು ಹೋಯಿತು, ಕಿವಿ ಹೋಯಿತು. ವಿಂಡ್ಸರ್‌ನ ಕೋಣೆಗಳಲ್ಲಿ ಬಿಳಿ ಗಡ್ಡ ಬಿಟ್ಟು ಹಾರ್ಪ್ಸಿಕಾರ್ಡ್ ನುಡಿಸುತ್ತಾ ಕೂರುತ್ತಿದ್ದ. 1818ರಲ್ಲಿ ಷಾರ್ಲಟ್ ತೀರಿಕೊಂಡದ್ದೂ ಅವನ ಅರಿವಿಗೆ ಬರಲಿಲ್ಲ. 1820ರ ಜನವರಿ 29ರಂದು ತಾನೂ ಹೋದ. ಆಗ 81 ವರ್ಷ.

ಆ ಕೊನೆಯ ಹತ್ತು ವರ್ಷದ ಬಗ್ಗೆ ಯೋಚಿಸುವಾಗೆಲ್ಲ ನನಗೆ ಲಿಥಿಯಂ ನೆನಪಾಗುತ್ತದೆ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಅದು ಮೇನಿಯಾಕ್ಕೆ ಆಗುತ್ತದೆ ಎಂದು ಬರೆದದ್ದು 1949ರಲ್ಲಿ. ಅದು ಒಂದು ಉಪ್ಪು, ಅಷ್ಟೇ. ಒಂದು ದೇಶದ ಖಜಾನೆಯೇ ಕೈಯಲ್ಲಿದ್ದ ಮನುಷ್ಯನಿಗೆ ಸಿಗದದ್ದು ನಿಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಚೀಟಿ ತೋರಿಸಿದರೆ ಸಿಗುತ್ತದೆ. ಅದಕ್ಕೇ ಮೊದಲ ಸಾಲಿನಲ್ಲೇ ನಿಲ್ಲಿಸಬೇಡಿ ಅಂದದ್ದು. ರಕ್ತದಲ್ಲಿ ಲಿಥಿಯಂ ಮಟ್ಟ, ಕಿಡ್ನಿ, ಥೈರಾಯ್ಡ್ ಪರೀಕ್ಷೆಗಳನ್ನು ಡಾಕ್ಟರ್ ಹೇಳಿದ ಹೊತ್ತಿಗೆ ಮಾಡಿಸಿ. ವಾಂತಿ ಭೇದಿ ಆದರೆ, ಕೈ ಜಾಸ್ತಿ ನಡುಗಿದರೆ, ತಡ ಮಾಡದೆ ಫೋನ್ ಮಾಡಿ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಕುಡಿಯಲಿ. ನೋವಿನ ಮಾತ್ರೆಯನ್ನು ಕೇಳದೆ ತೆಗೆದುಕೊಳ್ಳುವುದು ಬೇಡ.

ಪೋರ್ಫೈರಿಯಾ ಟೆಸ್ಟ್ ಮಾಡಿಸಬೇಕಾ? ಅದು ಮೂತ್ರದ ಪರೀಕ್ಷೆ, ಪಿಬಿಜಿ ಎಂಬ ವಸ್ತುವನ್ನು ಅಳೆಯುತ್ತಾರೆ. ಕಾಯಿಲೆ ಜೋರಾಗಿರುವಾಗ ಮಾಡಿದರೆ ಅದಕ್ಕೆ ಬೆಲೆ. ನಿಮ್ಮ ಅಣ್ಣನಿಗೆ ಆ ಹತ್ತು ದಿನ ಸಹಿಸಲಾಗದ ಹೊಟ್ಟೆ ನೋವು ಇತ್ತಾ? ಕೈಕಾಲಿನಲ್ಲಿ ಶಕ್ತಿ ಹೋಗಿತ್ತಾ? ಫಿಟ್ಸ್ ಬಂದಿತ್ತಾ? ಮೂತ್ರ ಕೆಂಪು ಕಂದು ಆಗಿತ್ತಾ? ಮನೆತನದಲ್ಲಿ ಯಾರಿಗಾದರೂ ಹೀಗೆ ಇತ್ತಾ? ಇವುಗಳಲ್ಲಿ ಯಾವುದಾದರೂ ಹೌದು ಅನ್ನುವುದಾದರೆ ನಿಮ್ಮ ಡಾಕ್ಟರಿಗೆ ತಿಳಿಸಿ, ಅವರೇ ಮಾಡಿಸುತ್ತಾರೆ. ಮೂಡಿಗೆ, ಫಿಟ್ಸಿಗೆ ಕೊಡುವ ಕೆಲವು ಮಾತ್ರೆಗಳು ಪೋರ್ಫೈರಿಯಾ ಕೆರಳಿಸುತ್ತವೆ, ಹಾಗಾಗಿ ಅವರಿಗೆ ಗೊತ್ತಿರಬೇಕು. ಯಾವುದೂ ಇಲ್ಲ ಅಂದರೆ ಆ ಟೆಸ್ಟಿನ ಅಗತ್ಯ ಇಲ್ಲ. ನೀವು ಬರೆದದ್ದರಲ್ಲಿ ನನಗೆ ಇದಾವುದೂ ಕಾಣಲಿಲ್ಲ.

ಕೊನೆಯ ಪ್ರಶ್ನೆ. ಅಣ್ಣನಿಗೆ ಸಿನಿಮಾ ತೋರಿಸಬಹುದಾ? ತೋರಿಸಬಹುದು. ಆದರೆ ಮೊದಲು ಕಥೆ ಹೇಳಿ, ಅವರನ್ನೇ ಕೇಳಿ. ಬೇಡ ಅಂದರೆ ಬಲವಂತ ಬೇಡ. ನೋಡುತ್ತೇನೆ ಅಂದರೆ ಪಕ್ಕದಲ್ಲಿ ಕೂತು ನೋಡಿ. ಕುರ್ಚಿಯ ದೃಶ್ಯ ಬರುವ ಮುಂಚೆ ಹೇಳಿಬಿಡಿ, ಆಸ್ಪತ್ರೆಯ ದಿನಗಳ ನೆನಪು ಬರಬಹುದು. ಅವರು ಎದ್ದು ಹೋದರೆ ಬಿಡಿ. ಕಾಯಿಲೆ ಇಳಿಯುವ ಹೊತ್ತಿಗೆ ಒಂದು ದೃಶ್ಯ ಇದೆ, ಅದನ್ನು ಮಾತ್ರ ತಪ್ಪಿಸಬೇಡಿ. ದೊರೆ ತೋಟದಲ್ಲಿ ಕೂತು ಬೇರೆಯವರ ಜೊತೆ ಷೇಕ್ಸ್‌ಪಿಯರ್ ಬರೆದ ಲಿಯರ್ ದೊರೆಯ ನಾಟಕ ಓದುತ್ತಾನೆ. ಚೆನ್ನಾಗಿದ್ದಾಗ ಪ್ರತಿ ಮಾತಿಗೂ ‘ವಾಟ್ ವಾಟ್’ ಅನ್ನುವುದು ಅವನ ಅಭ್ಯಾಸ. ಕಾಯಿಲೆಯಲ್ಲಿ ಅದು ಮಾಯವಾಗಿರುತ್ತದೆ. ಇಲ್ಲಿ ಮತ್ತೆ ಬಾಯಿಗೆ ಬರುತ್ತದೆ, ಪಕ್ಕದವರು ಥಟ್ಟನೆ ಗಮನಿಸುತ್ತಾರೆ. ನನಗೆ ಒಬ್ಬ ತಾಯಿ ಫೋನ್ ಮಾಡಿ, ‘ಇವತ್ತು ಸಾರಿಗೆ ಉಪ್ಪು ಸಾಲದು ಅಂತ ಬೈದ ಸಾರ್’ ಎಂದು ಅತ್ತಿದ್ದರು, ಸಂತೋಷಕ್ಕೆ. ಅದು ಅವರ ಮಗನ ‘ವಾಟ್ ವಾಟ್’. ನಿಮ್ಮ ಅಣ್ಣ ವಾಪಸ್ ಬಂದರು ಎಂದು ನಿಮಗೆ ಯಾವುದರಿಂದ ಗೊತ್ತಾಯಿತು? ಆ ದೃಶ್ಯ ಮುಗಿದ ಮೇಲೆ ಅವರಿಗೆ ಅದನ್ನು ಹೇಳಿ. ಅವರಿಗೆ ಗೊತ್ತಿರಲಿಕ್ಕಿಲ್ಲ.

ಕೊನೆಗೆ ಆ ಸಾಲು ಪರದೆಗೆ ಬಂದಾಗ ಒಂದು ನಿಮಿಷ ನಿಲ್ಲಿಸಿ. ಇದು 1994ರಲ್ಲಿ ಬರೆದದ್ದು, ಆಮೇಲೆ ದೊರೆಯ ಕಾಗದಗಳನ್ನು ಓದಿದವರಿಗೆ ಬೇರೆಯೇ ಕಂಡಿತು ಎಂದು ಹೇಳಿ. ಆಗ ಅಮ್ಮನೂ ಪಕ್ಕದಲ್ಲಿರಲಿ.